ಊದುಗೊಳವೆಯಿಂದ ಸ್ಪೈರೋಮೀಟರಿನವರೆಗೆ: ಶ್ವಾಸಕೋಶದ ರಿಪೋರ್ಟ್ ಓದುವ ಬಗೆ

ನಮ್ಮ ಯುಗಾದಿ, ರಾಜ್ಯೋತ್ಸವದ ಸಮಾರಂಭಗಳಲ್ಲಿ ಊಟದ ಸಾಲಿನಲ್ಲಿ ನಿಂತಾಗ ಒಮ್ಮೆ ಕಿವಿಗೊಟ್ಟು ಕೇಳಿ. ನಲವತ್ತು ದಾಟಿದವರಿಗೆಲ್ಲ ತಮ್ಮ ತಮ್ಮ ನಂಬರುಗಳು ಬಾಯಿಪಾಠ. "ಬಿಪಿ 130–85 ಇದೆ ಕಣ್ರೀ", "ಮೂರು ತಿಂಗಳ ಶುಗರ್ 6.8ಕ್ಕೆ ಇಳಿದಿದೆ, ಒಂದು ಹೋಳಿಗೆಗೆ ಪರವಾಗಿಲ್ಲ", "ಕೊಲೆಸ್ಟರಾಲ್ ಮಾತ್ರೆ ಶುರು ಮಾಡಿದ್ದಾರೆ". ಆದರೆ "ನನ್ನ ಎಫ್‌ಇವಿ-1 ಇಷ್ಟು ಲೀಟರ್" ಎಂದು ಹೇಳಿದವರನ್ನು ನಾನು ಈವರೆಗೆ ಕಂಡಿಲ್ಲ. ದಿನಕ್ಕೆ ಸುಮಾರು 20,000 ಸಲ ಕೆಲಸ ಮಾಡುವ ಅಂಗಕ್ಕೆ ನಮ್ಮ ಲೆಕ್ಕದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ!

ಇದಕ್ಕೆ ಕಾರಣವೂ ಉಂಟು. ಏದುಸಿರು ಬಂದರೆ ನಾವು ಅದಕ್ಕೆ ಒಂದು ಸುಲಭದ ಹೆಸರು ಕೊಟ್ಟುಬಿಡುತ್ತೇವೆ. ತಂದೆತಾಯಿಗಾದರೆ "ವಯಸ್ಸಾಯ್ತಲ್ಲ", ನಮಗಾದರೆ "ತೂಕ ಹೆಚ್ಚಾಗಿದೆ, ಜಿಮ್‌ಗೆ ಹೋಗಬೇಕು", ಮಕ್ಕಳಿಗಾದರೆ "ಬರೀ ನೆಗಡಿ". ಈ ಉತ್ತರಗಳು ಕೆಲವು ಸಲ ನಿಜವೂ ಆಗಿರಬಹುದು. ಆದರೆ ಅಳೆದು ನೋಡದೆ ಹೇಳಿದ ಉತ್ತರ ಬರಿಯ ಊಹೆ. ಅಳೆಯುವ ಸಾಧನ ನಮ್ಮ ಜಿಪಿ ಕ್ಲಿನಿಕ್ಕುಗಳಲ್ಲೇ ಇದೆ, ಪರೀಕ್ಷೆಗೆ ಅರ್ಧ ಗಂಟೆ ಸಾಕು, ಸೂಜಿ ಚುಚ್ಚುವುದಿಲ್ಲ.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ಸಾಫ್ಟ್‌ವೇರ್ ಇಂಜಿನಿಯರ್. ಮನೆಯ ಹಿರಿಯರೊಬ್ಬರ ರಿಪೋರ್ಟ್ ಕೈಗೆ ಬಂದಾಗ ಅದರಲ್ಲಿನ ಅಂಕಿಗಳು ಏನು ಹೇಳುತ್ತಿವೆ ಎಂದು ತಿಳಿಯುವ ಹಟದಿಂದ ಓದತೊಡಗಿದವನು. ರೋಗನಿರ್ಣಯ ವೈದ್ಯರ ಕೆಲಸ. ಆದರೆ ರಿಪೋರ್ಟನ್ನು ಓದಿ ಸರಿಯಾದ ಪ್ರಶ್ನೆ ಕೇಳುವುದು ನಮ್ಮ ಕೆಲಸ. ಅದಕ್ಕೆ ಬೇಕಾಗುವುದು ಏಳನೇ ಕ್ಲಾಸಿನ ಭಾಗಾಕಾರ ಮಾತ್ರ.

ಅಳತೆ ಹುಟ್ಟಿದ ಕಥೆ

ಉಸಿರನ್ನು ಅಳೆಯುವ ಯಂತ್ರಕ್ಕೆ ಸ್ಪೈರೋಮೀಟರ್ ಎಂದು ಹೆಸರು. ಇದನ್ನು ವೈದ್ಯಕೀಯ ಬಳಕೆಗೆ ತಂದವರು ಇಂಗ್ಲೆಂಡಿನ ಜಾನ್ ಹಚಿನ್ಸನ್ ಎಂಬ ವೈದ್ಯರು. ನೀರಿನಲ್ಲಿ ಬೋರಲು ಹಾಕಿದ ಒಂದು ಪಾತ್ರೆ, ಅದರೊಳಕ್ಕೆ ಒಂದು ನಳಿಗೆ. ಊದಿದಷ್ಟೂ ಪಾತ್ರೆ ಮೇಲೇಳುತ್ತದೆ. ನಮ್ಮೂರ ಗೋಬರ್ ಗ್ಯಾಸಿನ ಡ್ರಮ್ಮು ಅನಿಲ ತುಂಬಿದಂತೆ ಮೇಲೇಳುವುದನ್ನು ಕಂಡವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ. 1846ರಲ್ಲಿ ಹಚಿನ್ಸನ್ 2,130 ಜನರನ್ನು ಊದಿಸಿ ಅಳೆದು ಪ್ರಬಂಧ ಪ್ರಕಟಿಸಿದರು. ನಾವಿಕರು, ಪೊಲೀಸರು, ಅಗ್ನಿಶಾಮಕದವರು, ಕುಸ್ತಿಪಟುಗಳು, ಬಡವರು ಎಲ್ಲರೂ ಅದರಲ್ಲಿದ್ದರು. ಎತ್ತರ ಹೆಚ್ಚಿದಂತೆ ಶ್ವಾಸಕೋಶದ ಗಾತ್ರವೂ ಹೆಚ್ಚುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದವರು ಅವರೇ.

ಇನ್ನೊಂದು ಸ್ವಾರಸ್ಯವೆಂದರೆ, ಈ ಹಚಿನ್ಸನ್ 1852ರಲ್ಲಿ ಲಂಡನ್ ಬಿಟ್ಟು ವಲಸೆ ಬಂದದ್ದು ಚಿನ್ನದ ಹುಚ್ಚು ಹಿಡಿದಿದ್ದ ನಮ್ಮ ವಿಕ್ಟೋರಿಯಾಕ್ಕೆ! ಕೊನೆಗೆ 1861ರಲ್ಲಿ ಅವರು ತೀರಿಕೊಂಡದ್ದು ಫಿಜಿಯಲ್ಲಿ. ಉಸಿರಿನ ಅಳತೆಗಾರರೂ ನಮ್ಮಂತೆಯೇ ಕಡಲು ದಾಟಿ ಬಂದವರು.

ಎರಡು ಸಂಖ್ಯೆ, ಒಂದು ಭಾಗಾಕಾರ

ಪರೀಕ್ಷೆಯಲ್ಲಿ ಮೂಗಿಗೆ ಕ್ಲಿಪ್ ಹಾಕುತ್ತಾರೆ. ಎದೆ ತುಂಬ ಉಸಿರೆಳೆದುಕೊಂಡು, ನಳಿಗೆಯನ್ನು ತುಟಿಯಿಂದ ಬಿಗಿಹಿಡಿದು, ಒಮ್ಮೆಲೇ ರಭಸದಿಂದ ಊದಬೇಕು. ಎದೆ ಪೂರ್ತಿ ಬರಿದಾಗುವವರೆಗೆ, ಅಂದರೆ ಆರು ಸೆಕೆಂಡೋ ಅದಕ್ಕೂ ಹೆಚ್ಚೋ, ಬಿಡದೆ ಊದಬೇಕು. ಇದರಿಂದ ಮುಖ್ಯವಾಗಿ ಎರಡು ಸಂಖ್ಯೆಗಳು ಸಿಗುತ್ತವೆ.

ಒಂದು, ಎಫ್‌ವಿಸಿ. ಒಟ್ಟು ಎಷ್ಟು ಲೀಟರ್ ಗಾಳಿ ಹೊರಬಂತು ಎಂಬುದು.

ಇನ್ನೊಂದು, ಎಫ್‌ಇವಿ-1. ಅದರಲ್ಲಿ ಮೊದಲ ಒಂದು ಸೆಕೆಂಡಿನಲ್ಲೇ ಎಷ್ಟು ಲೀಟರ್ ಹೊರಬಂತು ಎಂಬುದು.

ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿ. ಬಂದ ಉತ್ತರವೇ ಅನುಪಾತ. ಆರೋಗ್ಯವಂತ ವಯಸ್ಕರಲ್ಲಿ ಒಟ್ಟು ಗಾಳಿಯ ಮುಕ್ಕಾಲು ಭಾಗ ಅಥವಾ ಅದಕ್ಕೂ ಹೆಚ್ಚು ಮೊದಲ ಸೆಕೆಂಡಿನಲ್ಲೇ ಹೊರಗೆ ಬಂದಿರುತ್ತದೆ, ಅಂದರೆ 0.75ರಿಂದ 0.80ರ ಆಸುಪಾಸು. ಮಕ್ಕಳಲ್ಲಿ ಇದು ಇನ್ನೂ ಹೆಚ್ಚು, ವಯಸ್ಸಾದಂತೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ.

ನನ್ನಂಥ ಕಂಪ್ಯೂಟರ್ ಜನಕ್ಕೆ ಹೇಳುವುದಾದರೆ, ಎಫ್‌ವಿಸಿ ಎಂಬುದು ಹಾರ್ಡ್ ಡಿಸ್ಕಿನ ಗಾತ್ರ. ಅನುಪಾತವೆಂಬುದು ಅದರಿಂದ ಡೇಟಾ ಹೊರಬರುವ ಲೈನು ಸಲೀಸಾಗಿದೆಯೇ ಎಂಬ ಸೂಚನೆ. ಕಂಪ್ಯೂಟರ್ ಬೇಡವೆನ್ನುವವರು ಕಮ್ಮಾರನ ತಿದಿಯನ್ನು ನೆನೆಯಿರಿ. ತಿದಿಯ ಗಾಳಿ ಸರಿಯಾಗಿ ಬರುತ್ತಿಲ್ಲ ಎಂದರೆ ಎರಡು ಕಾರಣ ಇರಬಹುದು. ಮೂತಿಯ ಕೊಳವೆಯಲ್ಲಿ ಕಸ ಕಟ್ಟಿಕೊಂಡಿರಬಹುದು, ಇಲ್ಲವೇ ಚರ್ಮದ ಚೀಲವೇ ಗಡುಸಾಗಿ ಹಿಗ್ಗದೆ ಹೋಗಿರಬಹುದು.

ಶ್ವಾಸಕೋಶದ ಕಾಯಿಲೆಗಳೂ ಹೆಚ್ಚುಕಡಿಮೆ ಈ ಎರಡೇ ಮನೆತನದವು. ಕೊಳವೆಯ ತೊಂದರೆಗೆ ಡಾಕ್ಟರರ ಭಾಷೆಯಲ್ಲಿ ಅಬ್‌ಸ್ಟ್ರಕ್ಟಿವ್ ಎಂದು ಹೆಸರು: ಅಸ್ತಮಾ, ಸಿಒಪಿಡಿ ಮುಂತಾದವು. ಇಲ್ಲಿ ಗಾಳಿ ಇದೆ, ಹೊರಬರಲು ದಾರಿ ಕಿರಿದು. ಅನುಪಾತ ಇಳಿಯುತ್ತದೆ. ಚೀಲದ ತೊಂದರೆಗೆ ರಿಸ್ಟ್ರಿಕ್ಟಿವ್ ಎಂದು ಹೆಸರು: ಶ್ವಾಸಕೋಶ ನಾರುಗಟ್ಟುವ ಫೈಬ್ರೋಸಿಸ್, ಕಲ್ಲುಧೂಳಿನ ಸಿಲಿಕೋಸಿಸ್, ಬೆನ್ನು ತೀರಾ ಗೂನಾಗಿರುವುದು, ಉಸಿರಾಟದ ಸ್ನಾಯುಗಳ ದೌರ್ಬಲ್ಯ, ಅತಿಯಾದ ಬೊಜ್ಜು. ಇಲ್ಲಿ ದಾರಿ ಸರಾಗ, ಆದರೆ ಒಳಗಿರುವ ಗಾಳಿಯೇ ಕಡಿಮೆ. ಎರಡೂ ಸಂಖ್ಯೆಗಳು ಒಟ್ಟಿಗೆ ಇಳಿಯುವುದರಿಂದ ಅನುಪಾತ ಮಾಮೂಲಾಗಿಯೇ, ಕೆಲವು ಸಲ ಹೆಚ್ಚಾಗಿಯೇ ಇರುತ್ತದೆ. ಕೆಲವರಲ್ಲಿ ಎರಡೂ ಸೇರಿಕೊಂಡಿರುತ್ತವೆ. ಹಳೆಯ ಕ್ಷಯದಿಂದ ಶ್ವಾಸಕೋಶದಲ್ಲಿ ಕಲೆ ಉಳಿದವರಲ್ಲಿ ಇದನ್ನು ಕಾಣಬಹುದು.

ಆದ್ದರಿಂದ ರಿಪೋರ್ಟ್ ಕೈಗೆ ಬಂದ ಕೂಡಲೇ ಪರ್ಸೆಂಟಿನ ಮೇಲೆ ಕಣ್ಣು ಹಾಯಿಸಬೇಡಿ. ಮೊದಲು ನೋಡಬೇಕಾದದ್ದು ಅನುಪಾತ. ಇದನ್ನು ವಿವರಿಸಲು ಮೂರು ರಿಪೋರ್ಟುಗಳನ್ನು ಉದಾಹರಣೆಗಾಗಿ ನಾನೇ ಬರೆದಿದ್ದೇನೆ. ಅಂಕಿಗಳು ಕಲ್ಪಿತ, ಆದರೆ ಇಂಥವರು ನಮ್ಮ ಸುತ್ತ ಇದ್ದಾರೆ.

ಮೊದಲ ರಿಪೋರ್ಟು: ಹಳ್ಳಿಯಿಂದ ಬಂದ ಅಮ್ಮ

ವಯಸ್ಸು 68. ಎಫ್‌ವಿಸಿ 1.90 ಲೀಟರ್, ನಿರೀಕ್ಷಿತ ಮಟ್ಟದ 92%. ಎಫ್‌ಇವಿ-1 1.05 ಲೀಟರ್, 64%. ಅನುಪಾತ 0.55. ನೀಲಿ ಪಂಪಿನ ಸಾಲ್ಬ್ಯುಟಮಾಲ್ ಕೊಟ್ಟು ಕಾಲು ಗಂಟೆಯ ನಂತರ ಮತ್ತೆ ಊದಿಸಿದಾಗ ಎಫ್‌ಇವಿ-1 1.12 ಲೀಟರ್.

ಚೀಲದ ಗಾತ್ರ ಸರಿಯಾಗಿದೆ, ದಾರಿ ಕಿರಿದಾಗಿದೆ, ಔಷಧಿ ಕೊಟ್ಟರೂ ದಾರಿ ಹೆಚ್ಚು ತೆರೆಯಲಿಲ್ಲ. ಔಷಧಿಯ ನಂತರವೂ ಅನುಪಾತ 0.70ಕ್ಕಿಂತ ಕೆಳಗೇ ಉಳಿದರೆ ವೈದ್ಯರು ಸಿಒಪಿಡಿಯ ಬಗ್ಗೆ ಯೋಚಿಸುತ್ತಾರೆ. "ನಮ್ಮಮ್ಮ ಬೀಡಿ ಸಿಗರೇಟು ಮುಟ್ಟಿದವರಲ್ಲ, ಅವರಿಗೆ ಹೇಗೆ?" ಎಂದು ಮಗ ಕೇಳುವುದು ಸಹಜ. ಅದಕ್ಕೆ ಉತ್ತರ ಒಲೆಯ ಮುಂದೆ ಇದೆ. ಹಸಿ ಸೌದೆ, ತೆಂಗಿನ ಗರಿ, ಬೆರಣಿ ಉರಿಸಿ, ಊದುಗೊಳವೆಯಲ್ಲಿ ಊದಿ ಊದಿ ಅಡುಗೆ ಮಾಡಿದ ನಮ್ಮ ತಾಯಂದಿರು ಸೇದಿದ ಹೊಗೆ ಕಡಿಮೆಯಲ್ಲ.

ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ವೈದ್ಯರು ಸುತ್ತಲಿನ ಹಳ್ಳಿಗಳ ಹೆಂಗಸರನ್ನು ಪರೀಕ್ಷಿಸಿ ಈ ಹೊಗೆಗೆ ಒಂದು ಲೆಕ್ಕವನ್ನೇ ಕೊಟ್ಟಿದ್ದಾರೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದ ಸೂತ್ರ ಬಹಳ ಸರಳ. ದಿನಕ್ಕೆ ಒಲೆಯ ಮುಂದೆ ಕಳೆದ ಗಂಟೆಗಳನ್ನು ಹಾಗೆ ಕಳೆದ ವರ್ಷಗಳಿಂದ ಗುಣಿಸಿ. ಗುಣಲಬ್ಧ 60 ತಲುಪಿದರೆ ದೀರ್ಘಕಾಲದ ಕೆಮ್ಮು-ಕಫದ ಅಪಾಯ ಗಣನೀಯವಾಗಿ ಹೆಚ್ಚುತ್ತದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ ಅಡುಗೆ ಮಾಡಿದವರದು ಆಗಲೇ 60! ಇಲ್ಲಿನ ಜಿಪಿಗೆ ಈ ವಿಷಯ ತಾನಾಗಿ ಹೊಳೆಯಲಿಕ್ಕಿಲ್ಲ. ಅವರು "ಸ್ಮೋಕಿಂಗ್ ಇದೆಯೇ?" ಎಂದು ಕೇಳುತ್ತಾರೆ, ನಾವು "ಇಲ್ಲ" ಎನ್ನುತ್ತೇವೆ, ಅಲ್ಲಿಗೆ ಮಾತು ಮುಗಿಯುತ್ತದೆ. "ಇಲ್ಲ, ಆದರೆ ಮೂವತ್ತು ವರ್ಷ ಸೌದೆ ಒಲೆ" ಎಂದು ಸೇರಿಸುವುದು ಮಕ್ಕಳಾದ ನಮ್ಮ ಜವಾಬ್ದಾರಿ.

ಎರಡನೆಯ ರಿಪೋರ್ಟು: ವಸಂತದಲ್ಲಿ ಸೀನುವ ಐಟಿ ಉದ್ಯೋಗಿ

ವಯಸ್ಸು 34. ಬೆಂಗಳೂರಿನಿಂದ ಮೆಲ್ಬರ್ನಿಗೆ ಬಂದು ಆರು ವರ್ಷ. ಎಫ್‌ವಿಸಿ 4.20 ಲೀಟರ್, 95%. ಎಫ್‌ಇವಿ-1 2.73 ಲೀಟರ್, 75%. ಅನುಪಾತ 0.65. ಪಂಪಿನ ನಂತರ ಎಫ್‌ಇವಿ-1 3.20 ಲೀಟರ್.

ಇಲ್ಲಿಯೂ ಕೊಳವೆಯದೇ ತೊಂದರೆ. ಆದರೆ ಔಷಧಿ ಕೊಟ್ಟಾಗ 470 ಮಿ.ಲೀ. ಏರಿತು. ಇವರ ನಿರೀಕ್ಷಿತ ಮಟ್ಟ 3.64 ಲೀಟರ್. ಅದರ ಸುಮಾರು 13%ರಷ್ಟು ಏರಿಕೆ ಇದು. ಹಿಂದೆ ಮೊದಲ ಊದಿಗಿಂತ 12% ಮತ್ತು 200 ಮಿ.ಲೀ. ಏರಿದರೆ "ಔಷಧಿಗೆ ಸ್ಪಂದಿಸಿತು" ಎನ್ನುತ್ತಿದ್ದರು. ಅಮೆರಿಕ ಮತ್ತು ಯೂರೋಪಿನ ಶ್ವಾಸಕೋಶ ತಜ್ಞರ ಸಂಘಗಳ ಹೊಸ ಸೂತ್ರದ ಪ್ರಕಾರ ನಿರೀಕ್ಷಿತ ಮಟ್ಟದ 10%ಕ್ಕಿಂತ ಹೆಚ್ಚು ಏರಬೇಕು. ಎರಡು ಸೂತ್ರದಲ್ಲೂ ಈತ ಪಾಸು. ಮುಚ್ಚಿದ ದಾರಿ ತೆರೆಯಬಲ್ಲದು, ಇದು ಅಸ್ತಮಾದ ಲಕ್ಷಣ.

ಈ ಎರಡನೆಯ ರಿಪೋರ್ಟು ನಮ್ಮ ಸಮುದಾಯಕ್ಕೆ ಎಷ್ಟು ಮುಖ್ಯ ಎಂಬುದನ್ನು 2016ರ ನವೆಂಬರ್ 21ರ ಸಂಜೆ ತೋರಿಸಿಕೊಟ್ಟಿತು. ಬಿಸಿ ದಿನದ ಕೊನೆಯಲ್ಲಿ ಮೆಲ್ಬರ್ನಿನ ಮೇಲೆ ಗುಡುಗು ಮಳೆಯ ಗಾಳಿ ಬೀಸಿತು. ರೈ ಹುಲ್ಲಿನ ಪರಾಗ ಕಣಗಳು ತೇವ ಹೀರಿ ಒಡೆದು ಸೂಕ್ಷ್ಮ ಚೂರುಗಳಾದವು. ಇಡಿಯ ಪರಾಗ ಮೂಗಿನಲ್ಲೇ ತಡೆದುಹೋಗುತ್ತದೆ, ಒಡೆದ ಚೂರು ಶ್ವಾಸನಾಳದ ಆಳಕ್ಕೆ ಇಳಿಯುತ್ತದೆ. ಮುಂದಿನ ಮೂವತ್ತು ಗಂಟೆಗಳಲ್ಲಿ ಮೆಲ್ಬರ್ನ್ ಮತ್ತು ಜಿಲಾಂಗಿನ ತುರ್ತು ಚಿಕಿತ್ಸಾ ವಿಭಾಗಗಳಿಗೆ ಉಸಿರಾಟದ ತೊಂದರೆಯಿಂದ ಮಾಮೂಲಿಗಿಂತ ಮೂರು ಸಾವಿರಕ್ಕೂ ಹೆಚ್ಚು ಜನ ಬಂದರು. ಹತ್ತು ಮಂದಿ ಪ್ರಾಣ ಕಳೆದುಕೊಂಡರು. ಭಾರತ ಮತ್ತು ಶ್ರೀಲಂಕಾ ಮೂಲದವರು ಜನಸಂಖ್ಯೆಯಲ್ಲಿನ ತಮ್ಮ ಪಾಲಿಗಿಂತ ಬಹಳ ಹೆಚ್ಚಾಗಿ ಇದರಲ್ಲಿ ನರಳಿದರು ಎಂಬುದು ನಂತರದ ಅಧ್ಯಯನದಲ್ಲಿ ಕಂಡುಬಂತು. ಆಸ್ಪತ್ರೆಗೆ ಬಂದ ಅನೇಕರಿಗೆ ಅಸ್ತಮಾ ಇದೆ ಎಂದು ಅದುವರೆಗೆ ಯಾರೂ ಹೇಳಿರಲಿಲ್ಲ. ಅವರಿಗೆ ಇದ್ದದ್ದು ಹೇ ಫೀವರ್, ಅಂದರೆ ವಸಂತದ ಸೀನು, ಕಣ್ಣು ತುರಿಕೆ ಅಷ್ಟೆ.

ನಮ್ಮೂರಲ್ಲಿ ರೈ ಹುಲ್ಲು ಇಲ್ಲ. ಇಲ್ಲಿಗೆ ಬಂದ ಮೊದಲ ಒಂದೆರಡು ವಸಂತ ಏನೂ ಆಗದೆ, ಆಮೇಲೆ ಸೀನು ಶುರುವಾಗುವುದು ವಲಸಿಗರಲ್ಲಿ ಸಾಮಾನ್ಯ. "ಊರಲ್ಲಿದ್ದಾಗ ನನಗೆ ಅಲರ್ಜಿಯೇ ಇರಲಿಲ್ಲ" ಎಂಬ ಮಾತು ನಿಜವೇ ಇರಬಹುದು, ಆದರೆ ಅದು ಈಗಿನ ರಕ್ಷಣೆಯಲ್ಲ. ವಿಕ್ಟೋರಿಯಾದಲ್ಲಿ ಈಗ ಪ್ರತಿ ವರ್ಷ ಅಕ್ಟೋಬರ್ 1ರಿಂದ ಡಿಸೆಂಬರ್ 31ರವರೆಗೆ ಗುಡುಗು-ಅಸ್ತಮಾದ ಮುನ್ಸೂಚನೆಯನ್ನು ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ಕೊಡುತ್ತಾರೆ. ಅಪಾಯ ಹೆಚ್ಚು ಎಂದಿರುವ ದಿನ ಗಾಳಿ ಏಳುವ ಮುಂಚೆಯೇ ಮನೆಯೊಳಗೆ ಸೇರಿ ಕಿಟಕಿ ಬಾಗಿಲು ಮುಚ್ಚಿಕೊಳ್ಳಬೇಕು.

ಒಂದು ಎಚ್ಚರಿಕೆ. ಅಸ್ತಮಾ ಬಂದು ಹೋಗುವ ಅತಿಥಿ. ಚೆನ್ನಾಗಿರುವ ದಿನ ಊದಿಸಿದರೆ ರಿಪೋರ್ಟು ಪೂರ್ತಿ ನಾರ್ಮಲ್ ಬರಬಹುದು. ನಾರ್ಮಲ್ ಬಂದಿತೆಂದು ಅಸ್ತಮಾ ಇಲ್ಲವೆಂದಲ್ಲ. ಕೆಮ್ಮು, ಎದೆಯಲ್ಲಿ ಸುಯ್ ಎನ್ನುವ ಸದ್ದು ಇದ್ದರೆ ಆ ದಿನಗಳಲ್ಲಿ ಮತ್ತೆ ಪರೀಕ್ಷೆ ಮಾಡಿಸಬೇಕು.

ಮೂರನೆಯ ರಿಪೋರ್ಟು: ಕಲ್ಲು ಕತ್ತರಿಸುವ ಕೆಲಸದವರು

ವಯಸ್ಸು 55. ಎಫ್‌ವಿಸಿ 2.40 ಲೀಟರ್, 60%. ಎಫ್‌ಇವಿ-1 2.04 ಲೀಟರ್, 64%. ಅನುಪಾತ 0.85.

ಅನುಪಾತ ಒಂದನ್ನೇ ನೋಡಿದರೆ ಮೊದಲ ದರ್ಜೆಯಲ್ಲಿ ಪಾಸು! ಆದರೆ ಒಟ್ಟು ಗಾಳಿಯೇ ಕಡಿಮೆ. ಇದು ಚೀಲದ ತೊಂದರೆಯ ಸುಳಿವು. ಸುಳಿವು ಎಂದೇ ಹೇಳಿದೆ, ತೀರ್ಪು ಎಂದಲ್ಲ. ಏಕೆಂದರೆ ಸ್ಪೈರೋಮೀಟರ್ ಅಳೆಯುವುದು ಹೊರಬಂದ ಗಾಳಿಯನ್ನು ಮಾತ್ರ. ಎಷ್ಟೇ ಊದಿದರೂ ಒಳಗೆ ಒಂದು ಲೀಟರಿಗೂ ಮಿಕ್ಕಿ ಗಾಳಿ ಉಳಿದಿರುತ್ತದೆ. ಕೊಳವೆಯ ತೊಂದರೆ ತೀವ್ರವಾಗಿರುವವರಲ್ಲಿ ಗಾಳಿ ಒಳಗೇ ಸಿಕ್ಕಿಕೊಂಡು ಎಫ್‌ವಿಸಿ ಕಡಿಮೆ ಕಾಣಬಹುದು. ಅದಕ್ಕಾಗಿ ದೊಡ್ಡ ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಹಳೆಯ ಟೆಲಿಫೋನ್ ಬೂತಿನಂಥ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿ ಟಿಎಲ್‌ಸಿ, ಅಂದರೆ ಶ್ವಾಸಕೋಶದ ಪೂರ್ತಿ ಗಾತ್ರ ಅಳೆಯುತ್ತಾರೆ. ಅದು ಕಡಿಮೆ ಇದ್ದರೆ ಮಾತ್ರ ರಿಸ್ಟ್ರಿಕ್ಟಿವ್ ಎಂಬ ಮುದ್ರೆ. ಜೊತೆಗೆ ಇನ್ನೊಂದು ಪರೀಕ್ಷೆ ಇದೆ, ಡಿಎಲ್‌ಸಿಒ. ಅತ್ಯಲ್ಪ ಪ್ರಮಾಣದ ಕಾರ್ಬನ್ ಮಾನಾಕ್ಸೈಡ್ ಬೆರೆತ ಗಾಳಿಯನ್ನು ಎಳೆದುಕೊಂಡು ಹತ್ತು ಸೆಕೆಂಡ್ ಉಸಿರು ಹಿಡಿಯಬೇಕು. ಅದರಲ್ಲಿ ಎಷ್ಟು ರಕ್ತಕ್ಕೆ ಸೇರಿತು ಎಂಬುದರಿಂದ ಗಾಳಿಚೀಲಗಳ ಗೋಡೆ ಹೇಗಿದೆ ಎಂದು ತಿಳಿಯುತ್ತದೆ. ಗೋಡೆ ನಾರುಗಟ್ಟಿ ದಪ್ಪಗಾಗಿದ್ದರೆ ಈ ಸಂಖ್ಯೆ ಇಳಿದಿರುತ್ತದೆ. ಶ್ವಾಸಕೋಶ ಸರಿಯಿದ್ದು ಬೆನ್ನು ಗೂನಾಗಿರುವುದರಿಂದಲೋ ಸ್ನಾಯು ಸೋತಿರುವುದರಿಂದಲೋ ಗಾಳಿ ಕಡಿಮೆಯಾಗಿದ್ದರೆ, ಇರುವ ಗಾತ್ರಕ್ಕೆ ತಕ್ಕಷ್ಟು ಅನಿಲ ರಕ್ತಕ್ಕೆ ಸೇರಿರುತ್ತದೆ.

ಕಲ್ಲುಧೂಳಿನ ಕಾಯಿಲೆ ಕನ್ನಡ ನಾಡಿಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಬಂಡೆ ಕೊರೆದವರ ಎದೆಯಲ್ಲಿ ಸಿಲಿಕಾ ಧೂಳು ಕೂತಿತು. 1940ರ ದಶಕದಲ್ಲೇ ಅಲ್ಲಿನ ಸಾವಿರಾರು ಕಾರ್ಮಿಕರನ್ನು ಸಿಲಿಕೋಸಿಸ್‌ಗಾಗಿ ಪರೀಕ್ಷಿಸಲಾಗಿತ್ತು. 2001ರಲ್ಲಿ ಗಣಿ ಮುಚ್ಚಿತು, ಆದರೆ ಎದೆಗೆ ಸೇರಿದ ಧೂಳು ಮುಚ್ಚಿದ ಗಣಿಯಿಂದ ಹೊರಬರಲಿಲ್ಲ. ಅದೇ ಧೂಳು ಆಸ್ಟ್ರೇಲಿಯಾದಲ್ಲಿ ನಮ್ಮ ಹೊಳೆಯುವ ಅಡುಗೆಮನೆಯ ಕಟ್ಟೆಯ ರೂಪದಲ್ಲಿ ಮರಳಿ ಬಂತು. ಕಾರ್ಖಾನೆಯಲ್ಲಿ ತಯಾರಾಗುವ ಕೃತಕ ಕಲ್ಲಿನಲ್ಲಿ 90%ಕ್ಕೂ ಹೆಚ್ಚು ಸಿಲಿಕಾ ಇರಬಹುದು. ಅದನ್ನು ನೀರಿಲ್ಲದೆ ಕತ್ತರಿಸಿ ಉಜ್ಜಿದ ಯುವಕರು ಮೂವತ್ತು ನಲವತ್ತರ ವಯಸ್ಸಿನಲ್ಲೇ ಸಿಲಿಕೋಸಿಸ್‌ಗೆ ತುತ್ತಾದರು. ಕೊನೆಗೆ 2024ರ ಜುಲೈ 1ರಿಂದ ಆಸ್ಟ್ರೇಲಿಯಾ ಇದನ್ನು ನಿಷೇಧಿಸಿತು, ಇಡೀ ದೇಶಕ್ಕೆ ನಿಷೇಧ ತಂದ ಮೊದಲ ರಾಷ್ಟ್ರ ಇದೇ. ಈಗಾಗಲೇ ಮನೆಯಲ್ಲಿ ಕೂರಿಸಿರುವ ಕಟ್ಟೆಯಿಂದ ಅಪಾಯವಿಲ್ಲ. ಆದರೆ ಹೊಸ ಸಿಂಕು, ಹೊಸ ಒಲೆ ಎಂದು ಭಾನುವಾರ ನೀವೇ ಗ್ರೈಂಡರ್ ಹಿಡಿದು ಅದನ್ನು ಕತ್ತರಿಸಲು ಹೋಗಬೇಡಿ. ಹಣ ಉಳಿಸಲು ಮುಖವಾಡ, ನೀರು ಇಲ್ಲದೆ ಕತ್ತರಿಸುವವರನ್ನು ಕರೆಸಲೂ ಬೇಡಿ. ಅದು ಇನ್ನೊಬ್ಬರ ಮನೆಯ ಮಗನ ಉಸಿರು.

ಪರ್ಸೆಂಟ್ ಎಂದರೆ ಯಾರ ಪರ್ಸೆಂಟ್?

ಈಗ ಎಲ್ಲಕ್ಕಿಂತ ಹೆಚ್ಚು ಗೊಂದಲ ಹುಟ್ಟಿಸುವ ವಿಷಯಕ್ಕೆ ಬರೋಣ. ನಮ್ಮ ಅತ್ತೆಯವರು ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿಸಿದಾಗ ಎಫ್‌ವಿಸಿ 1.80 ಲೀಟರ್, 94%. ನಾಲ್ಕು ತಿಂಗಳ ನಂತರ ಸಿಡ್ನಿಯಲ್ಲಿ ಮಾಡಿಸಿದಾಗ ಅದೇ 1.80 ಲೀಟರ್, ಆದರೆ 79%. "ಏನಪ್ಪಾ, ಉಳಿದ ಹದಿನೈದು ಪರ್ಸೆಂಟು ವಿಮಾನದಲ್ಲೇ ಬಿಟ್ಟು ಬಂದೆನೇ?" ಎಂದು ಅವರು ಕೇಳಿದರು. ಶ್ವಾಸಕೋಶ ಬದಲಾಗಿರಲಿಲ್ಲ, ಅಳೆಯುವ ಕೋಲು ಬದಲಾಗಿತ್ತು.

'ನಿರೀಕ್ಷಿತ ಮಟ್ಟ' ಎಂಬುದು ನಿಮ್ಮದೇ ವಯಸ್ಸು, ಎತ್ತರ, ಲಿಂಗದ ಆರೋಗ್ಯವಂತ ಧೂಮಪಾನ ಮಾಡದ ಜನರ ಸರಾಸರಿ. ಯಾವ ಜನರ ಸರಾಸರಿ ಎಂಬುದೇ ಪ್ರಶ್ನೆ. ಒಂದೇ ಎತ್ತರದ ಯೂರೋಪ್ ಮೂಲದವರಿಗೆ ಹೋಲಿಸಿದರೆ ಭಾರತೀಯರ ಸರಾಸರಿ ಲೀಟರ್ ಕಡಿಮೆ ಇರುತ್ತದೆ. ಕಾಲು ಮತ್ತು ಮುಂಡದ ಉದ್ದದ ಪ್ರಮಾಣ, ಬಾಲ್ಯದ ಪೋಷಣೆ, ಬೆಳೆಯುವಾಗ ಸೇವಿಸಿದ ಗಾಳಿ ಎಲ್ಲದಕ್ಕೂ ಇದರಲ್ಲಿ ಪಾಲಿದೆ. 2012ರಲ್ಲಿ ಪ್ರಕಟವಾದ ಜಿಎಲ್ಐ ಎಂಬ ಜಾಗತಿಕ ಸೂತ್ರಕ್ಕೆ 3ರಿಂದ 95 ವರ್ಷದ 74,187 ಆರೋಗ್ಯವಂತರ ಅಳತೆಗಳನ್ನು ಬಳಸಿದರು. ಅಷ್ಟು ದೊಡ್ಡ ಪಟ್ಟಿಯಲ್ಲೂ ಭಾರತೀಯರಿಗೆಂದು ಪ್ರತ್ಯೇಕ ಗುಂಪು ಇರಲಿಲ್ಲ. ನಮ್ಮನ್ನು ಕೂರಿಸಬೇಕಾದದ್ದು 'ಇತರ ಅಥವಾ ಮಿಶ್ರ' ಎಂಬ ಖಾನೆಯಲ್ಲಿ. ಆಮೇಲೆ ಜನಾಂಗದ ಖಾನೆಯೇ ಇಲ್ಲದ, ಎಲ್ಲರಿಗೂ ಒಂದೇ ಆದ 'ಜಿಎಲ್ಐ ಗ್ಲೋಬಲ್' ಸೂತ್ರ ಬಂತು. ಅದನ್ನೇ ಬಳಸಬೇಕೆಂದು ಅಮೆರಿಕನ್ ಥೊರಾಸಿಕ್ ಸೊಸೈಟಿ 2023ರಲ್ಲಿ ಶಿಫಾರಸು ಮಾಡಿತು.

ಯಾವುದು ಸರಿ? ಎರಡು ಕಡೆಯೂ ಅಪಾಯವಿದೆ ಎಂಬುದೇ ಪ್ರಾಮಾಣಿಕ ಉತ್ತರ. ಉದ್ದದ ಕೋಲಿನಿಂದ ಅಳೆದರೆ ಆರೋಗ್ಯವಂತ ಭಾರತೀಯನೂ ರಿಸ್ಟ್ರಿಕ್ಟಿವ್ ರೋಗಿಯಂತೆ ಕಾಣಬಹುದು, ಸಿಟಿ ಸ್ಕ್ಯಾನು, ಆತಂಕ ಎಲ್ಲ ಶುರು. ಗಿಡ್ಡ ಕೋಲಿನಿಂದ ಅಳೆದರೆ ನಿಜವಾಗಿ ಕುಗ್ಗಿದ ಶ್ವಾಸಕೋಶವೂ "ಇವರ ಜನಕ್ಕೆ ಇಷ್ಟೇ" ಎಂಬ ಸಮಾಧಾನದಲ್ಲಿ ನಾರ್ಮಲ್ ಆಗಿಬಿಡಬಹುದು. ನಮ್ಮ ಸಾಫ್ಟ್‌ವೇರ್ ಕಚೇರಿಗಳಲ್ಲಿ ಹೇಳುವಂತೆ, ಬೇಸ್‌ಲೈನ್ ಯಾವುದೆಂದು ತಿಳಿಯದೆ ಗ್ರಾಫ್ ನೋಡಿ ಉಪಯೋಗವಿಲ್ಲ.

ಇದಕ್ಕೆ ಮೂರು ಉಪಾಯಗಳಿವೆ. ಒಂದು, ಅನುಪಾತವನ್ನು ನಂಬಿ, ಏಕೆಂದರೆ ಅದರ ಮೇಲೆ ಕೋಲಿನ ಪ್ರಭಾವ ಬಹಳ ಕಡಿಮೆ. ಎರಡು, ಎರಡು ರಿಪೋರ್ಟು ಹೋಲಿಸುವಾಗ ಪರ್ಸೆಂಟನ್ನು ಬಿಟ್ಟು ಲೀಟರನ್ನು ಹೋಲಿಸಿ. ವಯಸ್ಕರಲ್ಲಿ ಎಫ್‌ಇವಿ-1 ವರ್ಷಕ್ಕೆ ಸುಮಾರು 30 ಮಿ.ಲೀ. ಇಳಿಯುವುದು ಸಹಜ, ಅದಕ್ಕಿಂತ ಬಹಳ ವೇಗವಾಗಿ ಇಳಿಯುತ್ತಾ ಹೋದರೆ ಪ್ರಶ್ನೆ ಕೇಳಿ. ಮೂರು, ರಿಪೋರ್ಟಿನಲ್ಲಿ ಝಡ್-ಸ್ಕೋರ್ ಎಂಬ ಸಾಲು ಇದ್ದರೆ ಅದನ್ನು ನೋಡಿ. ಸೊನ್ನೆ ಎಂದರೆ ಸರಾಸರಿ. ಮೈನಸ್ 1.64ಕ್ಕಿಂತ ಕೆಳಗೆ ಎಂದರೆ ನೂರು ಆರೋಗ್ಯವಂತರನ್ನು ಸಾಲಾಗಿ ನಿಲ್ಲಿಸಿದರೆ ಕೊನೆಯ ಐದು ಜನರ ಜೊತೆ ನೀವಿದ್ದೀರಿ ಎಂದರ್ಥ. 80%ಕ್ಕಿಂತ ಕಡಿಮೆಯೆಲ್ಲ ರೋಗ ಎಂಬ ಹಳೆಯ ಗೆರೆಗಿಂತ, ವಯಸ್ಸಾದವರ ವಿಷಯದಲ್ಲಿ ಮುಖ್ಯವಾಗಿ, ಇದು ಹೆಚ್ಚು ನ್ಯಾಯವಾದ ಗೆರೆ.

ಊದಿಸುವ ಭಾಷೆ

ರಕ್ತಪರೀಕ್ಷೆಗೆ ಕೈ ಚಾಚಿದರೆ ಸಾಕು. ಆದರೆ ಈ ಪರೀಕ್ಷೆಯಲ್ಲಿ ಫಲಿತಾಂಶ ಊದುವವರ ಪ್ರಯತ್ನವನ್ನೇ ಅವಲಂಬಿಸಿದೆ. ಪಕ್ಕದಲ್ಲಿ ನಿಂತ ತಂತ್ರಜ್ಞರು "ಬ್ಲೋ, ಬ್ಲೋ, ಕೀಪ್ ಗೋಯಿಂಗ್" ಎಂದು ಹುರಿದುಂಬಿಸುತ್ತಾರೆ. ಇಂಗ್ಲಿಷ್ ಬಾರದ ಎಪ್ಪತ್ತರ ಅಜ್ಜಿ ಅದನ್ನು ಬೈಗುಳವೆಂದು ತಿಳಿದು ಮೂರನೇ ಸೆಕೆಂಡಿಗೆ ನಿಲ್ಲಿಸಿಬಿಡುತ್ತಾರೆ. ಉಸಿರನ್ನು ಪೂರ್ತಿ ಊದದಿದ್ದರೆ ಎಫ್‌ವಿಸಿ ಕಡಿಮೆ ಬರುತ್ತದೆ, ಅನುಪಾತ ಸುಳ್ಳೇ ಮೇಲೇರುತ್ತದೆ. ಇದರ ಪರಿಣಾಮ ವಿಚಿತ್ರ. ಸಿಒಪಿಡಿ ಇರುವ ತಾಯಿಯ ರಿಪೋರ್ಟು ಕೊಳವೆ ಸರಿಯಾಗಿದೆ, ಚೀಲ ಕೆಟ್ಟಿದೆ ಎಂದು ತಿರುಗುಮುರುಗು ಹೇಳಿಬಿಡಬಹುದು.

ಆದ್ದರಿಂದ ಜೊತೆಯಲ್ಲಿ ಹೋಗಿ. ಹಿಂದಿನ ದಿನ ಮನೆಯಲ್ಲೇ ಅಭ್ಯಾಸ ಮಾಡಿಸಿ. "ಅಮ್ಮಾ, ಆರಿಹೋಗುತ್ತಿರುವ ಒಲೆಗೆ ಊದುಗೊಳವೆಯಲ್ಲಿ ಊದಿದ ಹಾಗೆ, ಆದರೆ ಒಂದೇ ಉಸಿರಿನಲ್ಲಿ ಕೊನೆಯವರೆಗೂ ಊದಬೇಕು" ಎಂದರೆ ಬೇರೆ ವಿವರಣೆ ಬೇಡ. ಪರೀಕ್ಷೆಯ ಕೋಣೆಯಲ್ಲಿ "ಊದಿ, ಊದಿ, ಇನ್ನೂ ಸ್ವಲ್ಪ" ಎಂದು ಕನ್ನಡದಲ್ಲಿ ಹೇಳಲು ಅನುಮತಿ ಕೇಳಿ. ನಿಮಗೆ ಹೋಗಲಾಗದಿದ್ದರೆ ಸರ್ಕಾರದ ದುಭಾಷಿ ಸೇವೆಯ ಮೂಲಕ, ಸಂಖ್ಯೆ 131 450, ಕನ್ನಡ ದುಭಾಷಿಗಾಗಿ ಕೇಳಿಕೊಳ್ಳಿ. ಒಳ್ಳೆಯ ಪರೀಕ್ಷೆಯ ಗುರುತು ಏನೆಂದರೆ ಕನಿಷ್ಠ ಮೂರು ಸಲ ಸರಿಯಾಗಿ ಊದಿರಬೇಕು, ಅತ್ಯುತ್ತಮವಾದ ಎರಡು ಊದುಗಳ ನಡುವೆ 150 ಮಿ.ಲೀ.ಗಿಂತ ಹೆಚ್ಚು ವ್ಯತ್ಯಾಸ ಇರಬಾರದು. ರಿಪೋರ್ಟಿನಲ್ಲಿ "ಸರಿಯಾದ ಪ್ರಯತ್ನವಲ್ಲ" ಎಂಬ ಟಿಪ್ಪಣಿ ಇದ್ದರೆ ಅಂಕಿಗಳನ್ನು ನೋಡಿ ಗಾಬರಿಯಾಗುವ ಮುಂಚೆ ಮತ್ತೊಮ್ಮೆ ಮಾಡಿಸಿ.

ನೆನಪಿಡಬೇಕಾದ ಕೆಲವು ಮಾತುಗಳು

1. ಎಂಟು ವಾರ ಮೀರಿದ ಕೆಮ್ಮು, ಮೆಟ್ಟಿಲು ಹತ್ತಿದರೆ ಜೊತೆಯವರಿಗಿಂತ ಮೊದಲೇ ಏದುಸಿರು, ರಾತ್ರಿ ಸುಯ್ ಸದ್ದು, ಪ್ರತಿ ವಸಂತದಲ್ಲೂ ಹೇ ಫೀವರ್ ಜೊತೆಗೆ ಎದೆ ಬಿಗಿತ ಇದ್ದರೆ ಜಿಪಿಯ ಬಳಿ ಸ್ಪೈರೋಮೆಟ್ರಿಯ ಮಾತೆತ್ತಿ.

2. ಪರೀಕ್ಷೆಗೆ ಮುಂಚೆ ಯಾವ ಪಂಪನ್ನು ಎಷ್ಟು ಗಂಟೆ ನಿಲ್ಲಿಸಬೇಕೆಂದು ಕೇಳಿ ತಿಳಿದುಕೊಳ್ಳಿ, ನೀವಾಗಿಯೇ ನಿಲ್ಲಿಸಬೇಡಿ. ಹೊಟ್ಟೆ ಬಿರಿಯ ಊಟ ಮಾಡಿ ಹೋಗಬೇಡಿ. ಇತ್ತೀಚೆಗೆ ಹೃದಯಾಘಾತ, ಕಣ್ಣಿನ ಪೊರೆಯ ಅಥವಾ ಬೇರೆ ಶಸ್ತ್ರಚಿಕಿತ್ಸೆ ಆಗಿದ್ದರೆ ಮೊದಲೇ ಹೇಳಿ, ರಭಸದಿಂದ ಊದುವುದು ಆಗ ಒಳ್ಳೆಯದಲ್ಲ.

3. ಭಾರತದೊಡನೆ ಆಸ್ಟ್ರೇಲಿಯಾಕ್ಕೆ ವೈದ್ಯಕೀಯ ಸೇವೆಯ ಪರಸ್ಪರ ಒಪ್ಪಂದ ಇಲ್ಲವಾದ್ದರಿಂದ ವಿಸಿಟರ್ ವೀಸಾದ ಮೇಲೆ ಬರುವ ತಂದೆತಾಯಿಗೆ ಮೆಡಿಕೇರ್ ಸಿಗುವುದಿಲ್ಲ. ಏದುಸಿರಿನ ದೂರು ಇರುವವರಿಗೆ ಹೊರಡುವ ಮುಂಚೆ ಊರಿನಲ್ಲೇ ಪರೀಕ್ಷೆ ಮಾಡಿಸಿ ರಿಪೋರ್ಟಿನ ಎಲ್ಲ ಪುಟಗಳನ್ನೂ ತರಲು ಹೇಳಿ. ಬರೀ "ನಾರ್ಮಲ್" ಎಂಬ ಚೀಟಿ ಸಾಲದು, ಲೀಟರುಗಳ ಪಟ್ಟಿ ಮತ್ತು ಗ್ರಾಫು ಬೇಕು.

4. ಸಿಡ್ನಿಯವರು 2019–20ರ ಬೇಸಿಗೆಯ ಕಾಡ್ಗಿಚ್ಚಿನ ಹೊಗೆಯನ್ನು ಮರೆತಿರಲಿಕ್ಕಿಲ್ಲ. ಅಂಥ ದಿನಗಳು ಬರುವ ಮುಂಚೆ, ನೀವು ಚೆನ್ನಾಗಿರುವಾಗಿನ ಒಂದು ರಿಪೋರ್ಟು ಕೈಯಲ್ಲಿದ್ದರೆ ಹೋಲಿಸಿ ನೋಡಲು ವೈದ್ಯರಿಗೆ ಅನುಕೂಲ.

5. ಅಸ್ತಮಾ ಏರಿದಾಗ ನಾಲ್ಕರ ಲೆಕ್ಕ ನೆನಪಿಡಿ. ನೇರ ಕೂರಿಸಿ, ಸ್ಪೇಸರ್ ಮೂಲಕ ನೀಲಿ ಪಂಪಿನ ನಾಲ್ಕು ಪಫ್, ಒಂದೊಂದು ಪಫ್‌ಗೆ ನಾಲ್ಕು ಉಸಿರು, ನಾಲ್ಕು ನಿಮಿಷ ಕಾಯಿರಿ. ಸುಧಾರಿಸದಿದ್ದರೆ 000ಗೆ ಕರೆ ಮಾಡಿ, ಆಂಬ್ಯುಲೆನ್ಸ್ ಬರುವವರೆಗೆ ಹೀಗೇ ಮುಂದುವರಿಸಿ. ಮಾತಾಡಲಾಗದಷ್ಟು ಉಸಿರುಗಟ್ಟಿದ್ದರೆ ಕಾಯಬೇಡಿ, ಮೊದಲೇ ಕರೆ ಮಾಡಿ.

ಶ್ವಾಸಕೋಶದ ರಿಪೋರ್ಟು ಪರೀಕ್ಷೆಯ ಅಂಕಪಟ್ಟಿಯಲ್ಲ, ಪಾಸು-ನಪಾಸಿನ ಮಾತು ಅದರಲ್ಲಿಲ್ಲ. ದಾರಿ ಕಿರಿದಾಗಿದೆಯೇ, ಚೀಲ ಕುಗ್ಗಿದೆಯೇ, ಔಷಧಿಗೆ ಸ್ಪಂದಿಸಿತೇ, ಹೋದ ಸಲಕ್ಕಿಂತ ಇಳಿದಿದೆಯೇ, ಯಾವ ಕೋಲಿನಿಂದ ಅಳೆದರು ಎಂಬ ಐದು ಪ್ರಶ್ನೆಗಳನ್ನು ಕೈಯಲ್ಲಿ ಹಿಡಿದು ವೈದ್ಯರ ಮುಂದೆ ಕೂತರೆ ಹತ್ತು ನಿಮಿಷದ ಭೇಟಿಯೂ ಸಾರ್ಥಕವಾಗುತ್ತದೆ. ಹೊಗೆಯ ನಡುವೆ ಕೂತು ಊದಿ ಊದಿ ನಮಗೆ ಬಿಸಿ ಅನ್ನ ಬಡಿಸಿದವರ ಎದೆಯಲ್ಲಿ ಈಗ ಎಷ್ಟು ಉಸಿರು ಉಳಿದಿದೆ ಎಂದು ಅಳೆದು ನೋಡುವುದು, ಅವರಿಗೆ ನಾವು ಸಲ್ಲಿಸಬೇಕಾದ ಋಣದ ಒಂದು ಸಣ್ಣ ಕಂತು. ಎಲ್ಲರಿಗೂ ನಿರಾಳವಾದ ಉಸಿರು ಸಿಗಲಿ.